ಮುರಿಯಬೇಕಾಗಿದ್ದ ಪಿನ್ನು

ಗಿರಿಯಪ್ಪನಿಗೆ ಕೆಂಪು ಮತ್ತು ಹಸಿರು ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. ಎರಡೂ ಹಳೆಯ ಹುಣಸೆಹಣ್ಣಿನ ಬಣ್ಣ. ಹುಟ್ಟಿದಾಗಿನಿಂದ ಹಾಗೇ. ಇದು ಹೆಂಡತಿ ಪ್ರಭಾವತಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ ಎಂದು ಅವನು ತಿಳಿದಿದ್ದ.

ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ, ಕುಮಾರಸ್ವಾಮಿ ಎಂಬವರ ವರ್ಕ್‌ಶಾಪಿನಲ್ಲಿ, ಅವನು ಹತ್ತೊಂಬತ್ತು ವರ್ಷಗಳಿಂದ ಸ್ಟೋರ್‌ಕೀಪರ್. ಉಕ್ಕಿನ ಸರಳು ಬಂದರೆ ಇಳಿಸಿಕೊಂಡು ರ‍್ಯಾಕಿನಲ್ಲಿ ಇಡುವುದು, ಚೀಟಿ ಬಂದರೆ ತೆಗೆದು ಕೊಡುವುದು, ಇಷ್ಟೇ ಕೆಲಸ. ಆದರೆ ಉಕ್ಕು ನೋಡಲು ಎಲ್ಲ ಒಂದೇ. ಹನ್ನೆರಡು ಮಿಲಿಮೀಟರ್ ದಪ್ಪದ ಎಂ.ಎಸ್. ಸರಳನ್ನೂ ಅದೇ ದಪ್ಪದ ಇಎನ್ ಎಂಟು ಸರಳನ್ನೂ ಪಕ್ಕದಲ್ಲಿಟ್ಟರೆ ಕಾರ್ಖಾನೆಯಲ್ಲಿ ಅದನ್ನು ಎರಕ ಹೊಯ್ದವನೂ ಗುರುತು ಹಿಡಿಯಲಾರ. ಎಂ.ಎಸ್. ಎಂದರೆ ಮೆದು ಉಕ್ಕು. ಬಾಗಿಸಿದರೆ ಬಾಗುತ್ತದೆ, ಗೇಟಿಗೆ ಗ್ರಿಲ್ಲಿಗೆ ನಡೆಯುತ್ತದೆ. ಇಎನ್ ಎಂಟರಲ್ಲಿ ಇಂಗಾಲ ಅದರ ಎರಡು ಪಟ್ಟು. ಶಾಫ್ಟು, ಗೇರು, ಭಾರ ಹೊರುವ ಪಿನ್ನು ಇವೆಲ್ಲ ಅದರಿಂದ ಆಗುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ಹೋಗಬಾರದೆಂದು ಸರಳಿನ ಒಂದು ತುದಿಗೆ ಬಣ್ಣ ಬಳಿಯುತ್ತಾರೆ. ಆ ಶಾಪಿನಲ್ಲಿ ಎಂ.ಎಸ್.ಗೆ ಕೆಂಪು, ಇಎನ್ ಎಂಟಕ್ಕೆ ಹಸಿರು. ಕತ್ತರಿಸುವವರು ಬಣ್ಣವಿಲ್ಲದ ತುದಿಯಿಂದಲೇ ಕತ್ತರಿಸುತ್ತ ಬರಬೇಕು. ಕೊನೆಯ ತುಂಡಿನವರೆಗೂ ಬಣ್ಣ ಉಳಿಯಬೇಕು.

ಇಂಥ ಕೆಲಸಕ್ಕೆ ಇಂಥ ಕಣ್ಣಿನವನು ಹೇಗೆ ಸೇರಿದ ಎಂದರೆ, ಯಾರೂ ಕೇಳಲಿಲ್ಲ. ಕೇಳಿದ್ದು ರೈಲ್ವೆಯವರು ಮಾತ್ರ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಅವನು ರೈಲ್ವೆಯ ಲಿಖಿತ ಪರೀಕ್ಷೆ ಪಾಸಾಗಿದ್ದ. ಸ್ವಂತ ಊರು ಹೆಬ್ಬಳ್ಳಿಯಲ್ಲಿ ಅವನ ಅಪ್ಪ ಓಣಿಗೆಲ್ಲ ಪೇಡೆ ಹಂಚಿಯೂ ಆಗಿತ್ತು. ಆಮೇಲೆ ಹುಬ್ಬಳ್ಳಿಯ ತಪಾಸಣೆಯಲ್ಲಿ ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಒಳಗೆ ಯಾವ ಅಂಕಿ ಇದೆ ಹೇಳು ಎಂದರು. ಅವನಿಗೆ ಚುಕ್ಕೆ ಕಂಡವು, ಅಂಕಿ ಕಾಣಲಿಲ್ಲ. ಡಾಕ್ಟರು ಎಂಟು ಹಾಳೆ ತಿರುವಿ ಪುಸ್ತಕ ಮುಚ್ಚಿದರು. ಊರಿಗೆ ಬಂದು, ಲಿಸ್ಟಿನಲ್ಲಿ ಹೆಸರು ಬರಲಿಲ್ಲ ಎಂದು ಹೇಳಿದ. ಒಂದು ವರ್ಷ ಬಿಟ್ಟು ಕುಮಾರಸ್ವಾಮಿಯವರ ಹತ್ತಿರ ಕೆಲಸ ಕೇಳಲು ಹೋದಾಗ ಅವರು ಕೇಳಿದ್ದು ಎರಡೇ. ಲೆಕ್ಕ ಬರುತ್ತದೋ, ಕುಡಿಯುತ್ತೀಯೋ.

ಅವನು ಬಣ್ಣ ಬಿಟ್ಟು ಉಳಿದದ್ದನ್ನೆಲ್ಲ ಬಳಸಿಕೊಂಡ. ರ‍್ಯಾಕಿನಲ್ಲಿ ಕೆಳಗಿನಿಂದ ಎರಡನೇ ಸಾಲು ಎಂ.ಎಸ್., ಮೂರನೆಯದು ಇಎನ್ ಎಂಟು. ಈ ಕ್ರಮವನ್ನು ಯಾರಿಗೂ ಬದಲಿಸಲು ಬಿಡುತ್ತಿರಲಿಲ್ಲ. ಅದು ಅವನ ಹಟ ಎಂದು ಎಲ್ಲರೂ ತಿಳಿದಿದ್ದರು. ಹೊಸ ಸರಳು ಬಂದಾಗ, ಯಾರೂ ಇಲ್ಲದ ಹೊತ್ತು ನೋಡಿ, ಇಎನ್ ಎಂಟರ ತುದಿಗೆ ಪಂಚಿನಿಂದ ಒಂದು ಸಣ್ಣ ಗುದ್ದು ಹಾಕುತ್ತಿದ್ದ. ಕೈಬೆರಳಿಗೆ ಸಿಗುವಷ್ಟು. ಅದೂ ಅನುಮಾನ ಬಂದರೆ ಗ್ರೈಂಡರ್ ಇತ್ತು. ತಿರುಗುವ ಕಲ್ಲಿಗೆ ಸರಳು ಒತ್ತಿದರೆ ಎಂ.ಎಸ್. ಕಿಡಿ ಉದ್ದಕ್ಕೆ ನೇರ ಗೆರೆಯಾಗಿ ಹೋಗುತ್ತದೆ. ಇಎನ್ ಎಂಟರ ಕಿಡಿ ತುದಿಯಲ್ಲಿ ಒಡೆದು ಚಿಕ್ಕಚಿಕ್ಕ ಚುಕ್ಕಿಗಳಾಗಿ ಸಿಡಿಯುತ್ತದೆ. ಇದಕ್ಕೆ ಬಣ್ಣ ಬೇಡ, ಆಕಾರ ಸಾಕು. ಈ ವಿದ್ಯೆಯಲ್ಲಿ ಶಾಪಿನಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಲೇತಿನಲ್ಲಿ ಉಕ್ಕು ಕಡೆಯುವ ಮುಜಮ್ಮಿಲನಿಗೆ ಕಿಡಿ ನೋಡಲು ಕಲಿಸಿದ್ದೂ ಅವನೇ. ಹತ್ತೊಂಬತ್ತು ವರ್ಷದಲ್ಲಿ ಒಂದು ಸರಳೂ ತಪ್ಪಿರಲಿಲ್ಲ.

ಜೂನಿನಲ್ಲಿ ಭಾಗ್ಯಶ್ರೀ ಬಂದಳು. ಡಿಪ್ಲೊಮಾ ಮುಗಿಸಿದ ಇಪ್ಪತ್ತೆರಡರ ಹುಡುಗಿ, ಗುಣಮಟ್ಟ ನೋಡುವ ಕೆಲಸ. ಗಿರಿಯಪ್ಪನನ್ನು ಕಾಕಾ ಎಂದು ಕರೆಯುತ್ತಿದ್ದಳು. ನವರಾತ್ರಿಯ ಐದನೇ ದಿನ ಎರಡೂ ಬಗೆಯ ಹೊಸ ಸರಳು ಬಂದಾಗ ಇಳಿಸಿ ಮುಗಿಯುವವರೆಗೂ ಪಕ್ಕದಲ್ಲಿ ನಿಂತಿದ್ದಳು. ಬಣ್ಣ ಬಳಿಸಿ, ನೋಡಿ, ಬರೆದುಕೊಂಡಳು. ಪಂಚು ಹಿಡಿದರೆ ಯಾಕೆ ಎಂದು ಕೇಳುತ್ತಾಳೆ. ಗಿರಿಯಪ್ಪ ಗುದ್ದು ಹಾಕುವುದನ್ನು ಮುಂದಕ್ಕೆ ಹಾಕಿದ. ಸಾಲು ಹೇಗೂ ಗೊತ್ತಿತ್ತು.

ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಅವನನ್ನು ದುರ್ಗದಬೈಲಿಗೆ ಕಳಿಸಿದರು. ಹೂವು, ಬಾಳೆಕಂಬ, ಬೂದುಗುಂಬಳ ತರಬೇಕಿತ್ತು. ಸಂಜೆ ವಾಪಸು ಬಂದಾಗ ಶಾಪು ತೊಳೆದಾಗಿತ್ತು. ರ‍್ಯಾಕನ್ನು ಖಾಲಿ ಮಾಡಿ, ಹೊಸ ಬಣ್ಣ ಹೊಡೆದು, ಸರಳುಗಳನ್ನು ಮತ್ತೆ ಜೋಡಿಸಿದ್ದರು. ಜೋಡಿಸಿದ್ದು ಭಾಗ್ಯಶ್ರೀಯ ಲೆಕ್ಕದಂತೆ. ಹೆಚ್ಚು ಓಡುವ ಮಾಲು ಸೊಂಟದ ಎತ್ತರಕ್ಕೆ ಇರಬೇಕು, ದಿನಾ ಬಾಗಿ ಎತ್ತುವುದು ತಪ್ಪುತ್ತದೆ, ಬಣ್ಣ ಇದ್ದೇ ಇದೆಯಲ್ಲ ಕಾಕಾ ಎಂದು ಅವಳು ಹೇಳಿದಳು. ಗಿರಿಯಪ್ಪ ಹೂಂ ಎಂದ. ಹಬ್ಬ ಮುಗಿದ ಮೇಲೆ ಗ್ರೈಂಡರ್ ಹಚ್ಚಿ ಒಂದೊಂದು ಸಾಲು ನೋಡಿಕೊಂಡರಾಯಿತು ಎಂದುಕೊಂಡ.

ಮರುದಿನ ಪೂಜೆ. ಪ್ರತಿ ಯಂತ್ರಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ದೇವಿಯ ಫೋಟೋದ ಮುಂದೆ ಹಲಗೆಯ ಮೇಲೆ ಅರ, ಗರಗಸ, ಸುತ್ತಿಗೆ, ಅಳತೆಯ ಸಾಮಾನು ಎಲ್ಲ ಸಾಲಾಗಿ ಇಟ್ಟಿದ್ದರು. ಪೂಜೆಯಾದ ಮೇಲೆ ಮರುದಿನ ಬನ್ನಿ ಕೊಡುವತನಕ ಅಲ್ಲಿ ಯಾವುದನ್ನೂ ಮುಟ್ಟುವುದಿಲ್ಲ. ಇದನ್ನು ಕಾಯಲು ಮಾಲಕರ ತಾಯಿ ಗೌರಕ್ಕ ಬರುತ್ತಿದ್ದರು. ಎಪ್ಪತ್ತೆಂಟು ವರ್ಷ. ಗ್ರೈಂಡರಿನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಸಂಜೆಯವರೆಗೂ ಕೂರುತ್ತಿದ್ದರು.

ಊಟದ ಹೊತ್ತಿಗೆ ಕುಮಾರಸ್ವಾಮಿಯವರಿಗೆ ಶಶಿಕುಮಾರನ ಫೋನು ಬಂತು. ಅವನದು ಗೋವಿನಜೋಳ ಒಕ್ಕುವ ಯಂತ್ರ ತಯಾರಿಸುವ ಶೆಡ್ಡು. ದಸರಾ ಮುಗಿದ ಕೂಡಲೇ ಒಕ್ಕಣೆ ಶುರು. ಇನ್ನೂರು ಪಿನ್ನು ನಾಡಿದ್ದಿಗೆ ಬೇಕೇಬೇಕು. ತಮ್ಮಲ್ಲಿ ಯಂತ್ರ ಮುಟ್ಟುವಂತಿಲ್ಲ. ಆದರೆ ಗೋಕುಲ ರಸ್ತೆಯ ಅಸದನ ಶಾಪಿನಲ್ಲಿ ಬೆಳಗ್ಗೆ ಕಾಯಿ ಒಡೆದು ಮಧ್ಯಾಹ್ನ ಯಂತ್ರ ಓಡಿಸುತ್ತಿದ್ದರು. ಸರಳು ಅವನಿಗೆ ಕಳಿಸಿದರೆ ಪಿನ್ನು ಮಾಡಿ ನೇರವಾಗಿ ಶಶಿಕುಮಾರನಿಗೆ ಮುಟ್ಟಿಸುತ್ತಾನೆ. ಮಾಲಕರು ಚೀಟಿ ಬರೆದರು: ಹನ್ನೆರಡು ಮಿ.ಮೀ., ಎಂ.ಎಸ್., ಐದು ಸರಳು. ಟೆಂಪೊ ಗೇಟಿನಲ್ಲೇ ನಿಂತಿತ್ತು.

ಗಿರಿಯಪ್ಪ ರ‍್ಯಾಕಿನ ಮುಂದೆ ನಿಂತ. ಎರಡನೇ ಸಾಲಿನ ತುದಿಗಳು ಹುಣಸೆಹಣ್ಣು. ಮೂರನೇ ಸಾಲಿನ ತುದಿಗಳೂ ಹುಣಸೆಹಣ್ಣು. ಬೆರಳಾಡಿಸಿದ. ಎಲ್ಲ ಹೊಸ ಸರಳು, ಎಲ್ಲಿಯೂ ಗುದ್ದು ಇಲ್ಲ.

ಇಂಥ ಹೊತ್ತಿಗೆ ಅವನಿಗೆ ಒಂದು ಉಪಾಯವಿತ್ತು. ಬೇರೆಯವರಿಗೆ ಕೆಂಪನೆಯವು ಐದು ಎತ್ತು ಎನ್ನುವುದು. ಟೆಂಪೊ ಡ್ರೈವರನಿಗೆ ಹಾಗೆಯೇ ಹೇಳಿದ. ಅವನು ಎರಡೂ ಕೈ ಅಗಲಿಸಿ ತೋರಿಸಿದ.

"ಹೊಸಾ ಅಂಗಿ ನೋಡ್ರಿ ಕಾಕಾ. ಹಬ್ಬದ ದಿನ ಎಣ್ಣಿ ಸರಳು ಎತ್ತಿಸ್ತೀರೇನು? ನೀವು ಹಾಕ್ರಿ, ನಾ ಗಾಡಿ ಹೊಡೀತೇನಿ."

ಭಾಗ್ಯಶ್ರೀ ಪೂಜೆ ಮುಗಿದ ಕೂಡಲೇ ಊರಿಗೆ ಹೋಗಿದ್ದಳು. ಉಳಿದವರು ಒಳಗೆ ಪಂಕ್ತಿಯಲ್ಲಿ ಕೂತಿದ್ದರು. ಹೋಗಿ, ಇದರಲ್ಲಿ ಕೆಂಪು ಯಾವುದು ಎಂದು ಕೇಳಬಹುದು. ಸ್ಟೋರ್‌ಕೀಪರ್ ಹಾಗೆ ಕೇಳಿದರೆ ಮೊದಲು ನಗುತ್ತಾರೆ. ಆಮೇಲೆ ಯಾರಾದರೂ ಒಬ್ಬರು ನಗುವುದನ್ನು ನಿಲ್ಲಿಸುತ್ತಾರೆ. ಅವನಿಗೆ ನಲವತ್ತನಾಲ್ಕು ವರ್ಷ. ಬಣ್ಣ ಕಾಣದ ಸ್ಟೋರ್‌ಕೀಪರನನ್ನು ತಾರಿಹಾಳದಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಬೇರೆ ಕೆಲಸ ಅವನು ಕಲಿತಿರಲಿಲ್ಲ.

ಎರಡು ಸಾಲಿನಿಂದ ಒಂದೊಂದು ಸರಳು ಎಳೆದುಕೊಂಡು ಗ್ರೈಂಡರಿನ ಕಡೆ ನಡೆದ. ಕಲ್ಲಿನ ಕೆಳಗೆ ಲಿಂಬೆಹಣ್ಣು ಇಟ್ಟಿದ್ದರು. ಗೌರಕ್ಕ ಕಣ್ಣು ತೆರೆದರು.

"ಇವತ್ತು ಅವಕ್ಕ ಸೂಟಿ ಐತಿ ಗಿರಿಯಪ್ಪಾ. ಮುಟ್ಟಬ್ಯಾಡ."

ಒಂದೇ ನಿಮಿಷದ ಕೆಲಸ ಎಂದ. ಹೀಗೇ ಒಂದು ನಿಮಿಷ ಅಂದವನೊಬ್ಬ ಹಿಂದೊಂದು ವರ್ಷ ನವಮಿಯ ದಿನ ಡ್ರಿಲ್ ಹಚ್ಚಿ ಬೆರಳು ಕಳಕೊಂಡ ಎಂದು ಅವರು ಹೇಳಿದರು. ಯಾಕೆ ಬೇಕು ಎಂದೂ ಕೇಳಿದರು. ಅವನು ಏನಿಲ್ಲ ಎಂದು ಸರಳುಗಳನ್ನು ವಾಪಸು ತಂದ. ಅರ, ಗರಗಸ ಕೂಡ ಹಲಗೆಯ ಮೇಲೆ ಹೂವಿನ ಕೆಳಗಿದ್ದವು. ಗೇಟಿನಲ್ಲಿ ಟೆಂಪೊ ಹಾರ್ನ್ ಹೊಡೆಯಿತು. ಒಳಗಿನಿಂದ ಮಾಲಕರು, ಸರಳು ಹೋದವೇನೋ ಎಂದು ಕೂಗಿದರು.

ಅವನು ಲೆಕ್ಕ ಹಾಕಿದ. ಹೆಚ್ಚು ಓಡುವ ಮಾಲು ಸೊಂಟದ ಎತ್ತರಕ್ಕೆ ಎಂದಿದ್ದಳು. ಹೆಚ್ಚು ಓಡುವುದು ಎಂ.ಎಸ್. ಹತ್ತೊಂಬತ್ತು ವರ್ಷ ಅದೇ ಓಡಿದ್ದು. ಹಾಗಾದರೆ ಸೊಂಟದ ಎತ್ತರದ ಮೂರನೇ ಸಾಲು. ಒಂದು ವೇಳೆ ತಪ್ಪಿದರೂ ಮೆದುವಿನ ಬದಲು ಗಟ್ಟಿ ಹೋಗುತ್ತದೆ. ಗಟ್ಟಿ ಪಿನ್ನಿನಿಂದ ಯಾರಿಗೆ ಏನಾಗಬೇಕು? ಮೂರನೇ ಸಾಲಿನಿಂದ ಐದು ಸರಳು ಎತ್ತಿ ಟೆಂಪೊಗೆ ಹಾಕಿದ.

ಜೂನಿನಿಂದ ಪಂಪಿನ ಶಾಫ್ಟಿನ ಆರ್ಡರು ನಡೆದಿತ್ತು. ನಾಲ್ಕು ತಿಂಗಳಿಂದ ಹೆಚ್ಚು ಓಡುತ್ತಿದ್ದದ್ದು ಇಎನ್ ಎಂಟು, ಅದು ತನ್ನ ಹಳೆಯ ಮೂರನೇ ಸಾಲಿನಲ್ಲೇ ಉಳಿದಿತ್ತು. ಸ್ಟೋರಿನ ಪುಸ್ತಕದಲ್ಲಿ ಅದನ್ನು ದಿನಾ ಬರೆದವನು ಗಿರಿಯಪ್ಪನೇ.

ವಿಜಯದಶಮಿ ಕಳೆದು ಶಾಪು ತೆರೆದ ಬೆಳಗ್ಗೆ ಅಸದ ಫೋನು ಮಾಡಿದ. ಪಿನ್ನು ಮುಟ್ಟಿಸಿ ಆಗಿತ್ತು.

"ಗಿರಿಯಣ್ಣ, ಮಾಲು ಎಲ್ಲೀದ್ರಿ ಅದು? ಎಂ.ಎಸ್. ಅಂದ್ರ ಬೆಣ್ಣಿ ಕೊಯ್ದಂಗ ಹೋಗ್ಬೇಕು. ನನ್ನ ಎರಡು ಟೂಲ್ ತಿಂದು ಕುಂತೈತಿ. ನಿಮ್ಮ ಮಾಲಕ್ರು ದಾನ ಮಾಡಾಕತ್ತಾರೇನು, ಎಂ.ಎಸ್. ಹೆಸರಿನ್ಯಾಗ ಇಎನ್ ಎಂಟು?"

ಹೊಸ ಲಾಟು, ಸ್ವಲ್ಪ ಗಟ್ಟಿ ಇರಬಹುದು ಎಂದು ಗಿರಿಯಪ್ಪ ಹೇಳಿದ. ಫೋನಿಟ್ಟು, ಮೂರನೇ ಸಾಲಿನ ಒಂದು ಸರಳು ತೆಗೆದುಕೊಂಡು ಗ್ರೈಂಡರ್ ಹಚ್ಚಿದ. ಕಿಡಿಗಳು ತುದಿಯಲ್ಲಿ ಒಡೆದು ಚುಕ್ಕಿಚುಕ್ಕಿಯಾಗಿ ಸಿಡಿದವು. ಎರಡು ಸಲ ಒತ್ತಿ ನೋಡಿದ.

ಚಹದ ಹೊತ್ತಿಗೆ ಭಾಗ್ಯಶ್ರೀಯ ಹತ್ತಿರ ಹೋಗಿ, ಒಕ್ಕುವ ಯಂತ್ರದ ಪಿನ್ನು ಎಲ್ಲಿ ಕೂರುತ್ತದೆ, ಇನ್ನೂ ಗಟ್ಟಿ ಉಕ್ಕಿನಿಂದ ಯಾಕೆ ಮಾಡುವುದಿಲ್ಲ ಎಂದು ಸುಮ್ಮನೆ ಕೇಳಿದಂತೆ ಕೇಳಿದ. ಅವಳಿಗೆ ಖುಷಿಯಾಯಿತು. ಈ ಶಾಪಿನಲ್ಲಿ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಟ್ರ್ಯಾಕ್ಟರಿನಿಂದ ಬರುವ ಶಾಫ್ಟನ್ನು ಒಳಗಿನ ಡ್ರಮ್ಮಿಗೆ ಜೋಡಿಸುವುದು ಆ ಪಿನ್ನು ಎಂದು ಕಾಗದದ ಮೇಲೆ ಬರೆದು ತೋರಿಸಿದಳು.

"ಅದು ಮುರೀಲಿ ಅಂತನ ಮಾಡಿದ್ದು ಕಾಕಾ. ತೆನಿ ಜೋಡಿ ಕಲ್ಲೋ ಕಬ್ಬಿಣೋ ಒಳಗ ಹೋತು ಅಂದ್ರ ಡ್ರಮ್ ಹಿಡೀತೈತಿ, ಟ್ರ್ಯಾಕ್ಟರ್ ಬಿಡಂಗಿಲ್ಲ. ಆವಾಗ ಪಿನ್ ಮುರದು ಎಲ್ಲಾ ನಿಂತು ಬಿಡಬೇಕು. ಪಿನ್ ಮುರೀಲಿಲ್ಲ ಅಂದ್ರ ಮತ್ತೇನರ ಮುರೀತೈತಿ."

"ಮತ್ತೇನು?"

"ಅದನ್ನ ಯಾರಿಗೆ ಹೇಳಾಕ ಬರತೈತಿ."

ಗಿರಿಯಪ್ಪ ಚಹದ ಗ್ಲಾಸು ತೊಳೆದಿಟ್ಟು ಸ್ಟೋರಿಗೆ ಹೋಗಿ ಕೂತ. ಮಾಲಕರ ಕೋಣೆ ಇಪ್ಪತ್ತು ಹೆಜ್ಜೆ ದೂರ. ಈಗಲೇ ಹೋಗಿ ಹೇಳಿದರೆ ಒಂದೂ ಪಿನ್ನು ಹೊರಗೆ ಹೋಗುವುದಿಲ್ಲ. ತಪ್ಪು ಸರಳು ಕೊಟ್ಟೆ ಎನ್ನಬಹುದು. ಹೇಗೆ ಕೊಟ್ಟೆ ಎಂದು ಕೇಳುತ್ತಾರೆ. ಬಣ್ಣ ಇತ್ತಲ್ಲ ಎನ್ನುತ್ತಾರೆ. ಅದಕ್ಕೆ ಎಷ್ಟು ಹುಡುಕಿದರೂ ಅವನಿಗೆ ಎರಡನೇ ಉತ್ತರ ಸಿಗಲಿಲ್ಲ. ಮನೆಯಲ್ಲಿ ಪ್ರಭಾವತಿಗೆ ಹೇಳಿದಾಗ ಅವಳು, ಹೇಳಿಬಿಡ್ರಿ, ಬೈದ್ರ ಬೈತಾರ ಎಂದಳು. ಬೈದು ಬಿಟ್ಟರೆ ಸರಿ, ಬಿಡಿಸಿದರೆ ಎಲ್ಲಿ ಹೋಗಲಿ ಎಂದು ಕೇಳಿದ.

ಮರುದಿನ ಅವನು ಮುಜಮ್ಮಿಲನ ಲೇತಿನ ಹತ್ತಿರ ಹೋದ. ಕೆಲಸದ ವೇಳೆ ಮುಗಿದ ಮೇಲೆ ಇನ್ನೂರು ಪಿನ್ನು ಕಡೆದುಕೊಡಬೇಕು, ಎಂ.ಎಸ್.ದು, ಯಾರಿಗೂ ಹೇಳಬಾರದು ಎಂದ. ಮುಜಮ್ಮಿಲ ಯಂತ್ರ ಬಂದ್ ಮಾಡಿ ಕೈ ಒರೆಸಿಕೊಂಡ.

"ಬಣ್ಣ ತಪ್ಪಿತೇನು?"

ಗಿರಿಯಪ್ಪ ಲೇತಿನ ಕೆಳಗೆ ಬಿದ್ದಿದ್ದ ಉಕ್ಕಿನ ಸುರುಳಿಯನ್ನು ಕಾಲಿನಿಂದ ಸರಿಸಿದ.

"ನನಗ ಆರು ವರ್ಷದಿಂದ ಗೊತ್ತೈತಿ. ಹಸಿರು ಡಬ್ಬಿ ಕೊಡು ಅಂದ್ರ ನೀ ಡಬ್ಬಿ ನೋಡಂಗಿಲ್ಲ, ಮ್ಯಾಲಿನ ಚೀಟಿ ಓದ್ತಿ. ಅವತ್ತ ಯಾಕ ಕೇಳ್ಲಿಲ್ಲೋ ಗಿರಿಯಣ್ಣಾ? ನಾ ಹತ್ತು ಹೆಜ್ಜಿ ಮ್ಯಾಲ ಕುಂತು ಹೋಳಿಗಿ ತಿನ್ನಾಕತ್ತಿದ್ದೆ."

"ನಿನಗ ಗೊತ್ತೈತಿ ಅಂತ ನನಗ ಗೊತ್ತಿರಲಿಲ್ಲ."

ಮುಜಮ್ಮಿಲ ಕೈ ಒರೆಸಿದ ಬಟ್ಟೆಯನ್ನು ಹಿಡಿಕೆಗೆ ಸಿಕ್ಕಿಸಿದ. ಆಮೇಲೆ, ಪಿನ್ನು ಮಾಡಿಕೊಡುತ್ತೇನೆ ಎಂದ. ಒಂದು ಕರಾರು ಹಾಕಿದ. ಇನ್ನೂರೂ ವಾಪಸು ಬರಬೇಕು. ಒಂದು ಹೊರಗೆ ಉಳಿದರೂ ಗಿರಿಯಪ್ಪ ತಾನೇ ಹೋಗಿ ಮಾಲಕರಿಗೆ ಹೇಳಬೇಕು. ಗಿರಿಯಪ್ಪ ಒಪ್ಪಿದ. ಎರಡು ಸಂಜೆಯಲ್ಲಿ ಪಿನ್ನು ತಯಾರಾದವು.

ಭಾನುವಾರ ಚೀಲ ಹೊತ್ತು ಶಶಿಕುಮಾರನ ಶೆಡ್ಡಿಗೆ ಹೋದ. ಮೊದಲಿನ ಪಿನ್ನಿಗೆ ಲೇಪ ಸರಿಯಾಗಿಲ್ಲ, ತುಕ್ಕು ಬರುತ್ತದೆ, ಬದಲಿಸಿ ಬಾ ಎಂದು ಮಾಲಕರು ಕಳಿಸಿದ್ದಾರೆ ಎಂದ. ಶಶಿಕುಮಾರ ತಕರಾರು ಮಾಡಲಿಲ್ಲ. ಗೋಣಿಚೀಲ ತಂದು ಸುರಿದ. ಎಣಿಸಿದರೆ ನೂರಾ ಎಪ್ಪತ್ತಾರು. ಹನ್ನೆರಡು ಯಂತ್ರ ಆಗಲೇ ಹೊರಟುಹೋಗಿದ್ದವು. ಒಂದೊಂದಕ್ಕೆ ಎರಡು ಪಿನ್ನು, ಕೂಡಿಸಿದ್ದು ಒಂದು, ಹೆಚ್ಚಿನದು ಒಂದು.

"ತುಕ್ಕು ತಾನೇ? ಹೋದದ್ದು ಹೋಗ್ಲಿ ಬಿಡ್ರಿ. ರೈತರು ಗ್ರೀಸ್ ಹಚ್ಕೋತಾರ. ಏನರ ದೊಡ್ಡ ಫಾಲ್ಟ್ ಇದ್ರ ಹೇಳ್ರಿ, ಈಗಿಂದೀಗ ಎಲ್ಲಾರಿಗೂ ಫೋನ್ ಹಚ್ತೇನಿ."

ಶಶಿಕುಮಾರನ ಕೈಯಲ್ಲಿ ಮೊಬೈಲ್ ಇತ್ತು.

"ಅಂಥಾದ್ದೇನಿಲ್ಲ" ಎಂದ ಗಿರಿಯಪ್ಪ.

ಆಮೇಲೆ ಹೊರಗೆ ಬಂದವನು ತಿರುಗಿ ಒಳಗೆ ಹೋಗಿ, ಹೊಸ ಯಂತ್ರಗಳಿಗೆ ಫ್ರೀ ಸರ್ವೀಸ್ ಮಾಡಿಕೊಡಲು ಮಾಲಕರು ಹೇಳಿದ್ದಾರೆ ಎಂದು ಇನ್ನೊಂದು ಸುಳ್ಳು ಹೇಳಿ ಹನ್ನೆರಡು ಜನರ ಹೆಸರು, ಊರು, ಫೋನು ಬರೆದುಕೊಂಡ. ಸೋಮವಾರ ಮುಜಮ್ಮಿಲ ಎಲ್ಲ ಬಂದವೇನು ಎಂದು ಕೇಳಿದ. ಬಂದವು ಎಂದ.

ಜ್ವರ ಎಂದು ಎರಡು ದಿನ ರಜೆ ಹಾಕಿದ. ಗ್ರೀಸ್ ಗನ್ನು, ಸ್ಪ್ಯಾನರು, ಪಿನ್ನಿನ ಚೀಲ ಕಟ್ಟಿಕೊಂಡು ಬೈಕಿನಲ್ಲಿ ಊರೂರು ತಿರುಗಿದ. ಫ್ರೀ ಎಂದರೆ ಯಾರೂ ಬೇಡ ಎನ್ನಲಿಲ್ಲ. ಚಹ ಕೊಟ್ಟರು, ಒಂದು ಕಡೆ ಊಟವನ್ನೂ ಹಾಕಿದರು. ಅವನು ಗ್ರೀಸ್ ತುಂಬುವಾಗ ಪಿನ್ನು ಬದಲಿಸುತ್ತಿದ್ದ. ಹಳೆಯದು ಹೊಳೆಯುತ್ತಿತ್ತು, ಹೊಸದೂ ಹೊಳೆಯುತ್ತಿತ್ತು. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಹುಟ್ಟಿದೂರು ಹೆಬ್ಬಳ್ಳಿಯಲ್ಲೂ ಒಂದು ಯಂತ್ರವಿತ್ತು. ಅಲ್ಲಿ ಅವನನ್ನು ಎಂಜಿನಿಯರ್ ಎಂದುಕೊಂಡು ಒಬ್ಬ ಮುದುಕ ತನ್ನ ಮೊಮ್ಮಗನಿಗೆ ಏನು ಓದಿಸಬೇಕೆಂದು ಕೇಳಿದ. ಎರಡು ದಿನ ಮತ್ತು ಮುಂದಿನ ಭಾನುವಾರ ಸೇರಿ ಎಂಟು ಯಂತ್ರ ಮುಗಿದವು. ಹದಿನಾರು ಪಿನ್ನು.

ಉಳಿದ ನಾಲ್ಕರಲ್ಲಿ ಮೂರು ದೂರದ ಊರಿನವು. ನಾಲ್ಕನೆಯದು ಹತ್ತಿರದ ಶಿರಗುಪ್ಪಿಯ ದ್ಯಾಮಣ್ಣನದು. ಅಲ್ಲಿಗೆ ಎರಡು ಸಲ ಹೋದ. ಎರಡು ಸಲವೂ ಯಂತ್ರ ಇರಲಿಲ್ಲ. ದ್ಯಾಮಣ್ಣ ಅದನ್ನು ಬಾಡಿಗೆಗೆ ಒಯ್ದಿದ್ದ. ಒಕ್ಕಣೆಯ ಕಾಲದಲ್ಲಿ ಇವತ್ತು ಒಂದು ಹೊಲ, ನಾಳೆ ಇನ್ನೊಂದು. ಫೋನು ಮಾಡಿದರೆ ಹಿಂದೆ ಟ್ರ್ಯಾಕ್ಟರಿನ ಸದ್ದು.

"ಸರ್ವೀಸ್ ನಿಂತು ಮಾಡಿಸಾಕ ನನಗ ಪುರಸೊತ್ತಿಲ್ರಿ. ಗ್ರೀಸ್ ಡಬ್ಬಿ ಮನ್ಯಾಗ ಇಟ್ಟು ಹೋಗ್ರಿ, ನಾನ ಹಚ್ಕೋತೇನಿ."

ಪಿನ್ನು ಬದಲಿಸಬೇಕಿತ್ತು ಎಂದು ಗಿರಿಯಪ್ಪ ಹೇಳಿದ. ಪಿನ್ನು ಗಟ್ಟಿಮುಟ್ಟಾಗಿದೆ ಎಂದು ದ್ಯಾಮಣ್ಣ ಹೇಳಿದ. ಹಳೆಯ ಯಂತ್ರದಲ್ಲಿ ವಾರಕ್ಕೆ ಎರಡು ಮುರಿಯುತ್ತಿದ್ದವು, ಇದು ಒಂದೂ ಮುರಿದಿಲ್ಲ, ಛಲೋ ಮಾಲು ಹಾಕಿದ್ದೀರಿ, ನಿಮ್ಮ ಮಾಲಕರಿಗೆ ಹೇಳಿ ಎಂದ. ಗಿರಿಯಪ್ಪ ಫೋನು ಕಿವಿಗೆ ಹಿಡಿದು ದ್ಯಾಮಣ್ಣನ ಮನೆಯ ಮುಂದೆ ನಿಂತಿದ್ದ. ಆ ಪಿನ್ನು ತೆಗೆದುಬಿಡಿ, ಅದು ಅಪಾಯ. ಇಷ್ಟು ಹೇಳಿದರೆ ಸಾಕಿತ್ತು. ಹೇಳಿದರೆ ದ್ಯಾಮಣ್ಣ ಶಶಿಕುಮಾರನಿಗೆ ಫೋನು ಮಾಡುತ್ತಾನೆ, ಅವನು ಕುಮಾರಸ್ವಾಮಿಯವರಿಗೆ. ಗಿರಿಯಪ್ಪ ಗ್ರೀಸ್ ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟು ಬಂದ.

ಮತ್ತೆ ರಜೆ ಕೇಳುವಂತಿರಲಿಲ್ಲ. ಸ್ಟಾಕಿನ ಎಣಿಕೆ ಶುರುವಾಗಿತ್ತು. ಭಾಗ್ಯಶ್ರೀ ಒಂದೊಂದು ಸರಳಿನ ತುದಿ ನೋಡಿ ಬಣ್ಣ ಕೂಗುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ. ಎಂ.ಎಸ್. ಐದು ಸರಳು ಜಾಸ್ತಿ, ಇಎನ್ ಎಂಟು ಐದು ಕಡಿಮೆ ಬರಬೇಕಿತ್ತು. ಆದರೆ ಮುಜಮ್ಮಿಲ ಎಂ.ಎಸ್. ಐದು ಕಡೆದಿದ್ದರಿಂದ ಅದು ಸರಿಹೊಂದಿತು. ಇಎನ್ ಎಂಟು ಮಾತ್ರ ಐದು ಕಡಿಮೆ ಬಿತ್ತು. ಅವಳು ಎರಡನೇ ಸಲ ಎಣಿಸಿದಳು. ಗಿರಿಯಪ್ಪ ಕತ್ತರಿಸಿದ ತುಂಡುಗಳಲ್ಲಿ ಹೋಗಿರಬೇಕು ಎಂದ. ಅವಳು ಪೆನ್ನಿನಿಂದ ಒಂದು ಗೆರೆ ಹಾಕಿ ಪುಟ ತಿರುವಿದಳು. ಮುಂದಿನ ಭಾನುವಾರ ಶಿರಗುಪ್ಪಿಗೆ ಹೋಗುವುದು, ಯಂತ್ರ ಯಾವ ಹೊಲದಲ್ಲಿದ್ದರೂ ಹುಡುಕಿಕೊಂಡು ಹೋಗುವುದು ಎಂದು ಅವನು ನಿಶ್ಚಯ ಮಾಡಿಕೊಂಡ. ಐದು ದಿನ ಇತ್ತು.

ಗುರುವಾರ ಯಂತ್ರ ಶಿರಗುಪ್ಪಿಗೆ ವಾಪಸು ಬಂತು, ದ್ಯಾಮಣ್ಣನ ಸ್ವಂತ ಹೊಲದ ಒಕ್ಕಣೆಗೆ. ಯಂಕವ್ವ ಎಂಬ ಕೂಲಿ ಹೆಂಗಸು ಪುಟ್ಟಿಯಲ್ಲಿ ತೆನೆ ತುಂಬಿ ಒಳಗೆ ಸುರಿಯುತ್ತಿದ್ದಳು. ರಾಶಿಯಲ್ಲಿ ಟ್ರ್ಯಾಲಿಯ ಮುರಿದ ಕಬ್ಬಿಣದ ಕೊಂಡಿ ಸೇರಿತ್ತು. ಅದು ತೆನೆಯ ಜೊತೆ ಡ್ರಮ್ಮಿಗೆ ಹೋಯಿತು. ಡ್ರಮ್ಮು ಹಿಡಿಯಿತು. ಟ್ರ್ಯಾಕ್ಟರು ತಿರುಗಿಸುತ್ತಲೇ ಇತ್ತು. ಪಿನ್ನು ಮುರಿಯಲಿಲ್ಲ. ಡ್ರಮ್ಮಿನ ಉಕ್ಕಿನ ಹಲ್ಲುಗಳು ಒಂದರ ಹಿಂದೆ ಒಂದು ಕಿತ್ತು, ಮೇಲಿನ ತಗಡನ್ನು ಸೀಳಿಕೊಂಡು ಹೊರಗೆ ಬಂದವು. ಯಂಕವ್ವನ ಬಲಗೈ ಪುಟ್ಟಿಯ ಅಂಚಿನ ಮೇಲಿತ್ತು.

ಶುಕ್ರವಾರ ಹನ್ನೊಂದು ಗಂಟೆಗೆ ಶಶಿಕುಮಾರ ಶಾಪಿಗೆ ಬಂದ. ಜೇಬಿನಿಂದ ಪಿನ್ನು ತೆಗೆದು ಕುಮಾರಸ್ವಾಮಿಯವರ ಮೇಜಿನ ಮೇಲೆ ಇಟ್ಟ. ಅದಕ್ಕೆ ಏನೂ ಆಗಿರಲಿಲ್ಲ. ಒಂದು ಗೀರು, ಅಷ್ಟೇ. ಭಾಗ್ಯಶ್ರೀ ಅದನ್ನು ಒಯ್ದು ಗಡಸುತನ ಅಳೆಯುವ ಯಂತ್ರಕ್ಕೆ ಕೂಡಿಸಿ ಮೂರು ಸಲ ಒತ್ತಿ ನೋಡಿದಳು. ವಾಪಸು ಬಂದು, ಇದು ಎಂ.ಎಸ್. ಅಲ್ಲ ಸರ್, ಇಎನ್ ಎಂಟು ಎಂದಳು. ಆಮೇಲೆ ಸ್ಟಾಕಿನ ಪುಸ್ತಕ ತೆಗೆದು ತಾನು ಗೆರೆ ಹಾಕಿದ್ದ ಪುಟವನ್ನು ಮೇಜಿನ ಮೇಲಿಟ್ಟಳು.

ಗಿರಿಯಪ್ಪನನ್ನು ಕರೆಸಿದರು. ಅವತ್ತು ಯಾವ ಸರಳು ಕೊಟ್ಟೆ ಎಂದು ಮಾಲಕರು ಕೇಳಿದರು. ಕೆಂಪು ಅಷ್ಟು ದೊಡ್ಡದಾಗಿ ಬಳಿದಿತ್ತಲ್ಲ, ಕುರುಡನಿಗೂ ಕಾಣುವ ಹಾಗೆ ಎಂದರು.

"ನನಗ ಕೆಂಪು ಹಸಿರು ಗೊತ್ತಾಗೂದಿಲ್ರಿ. ಮೊದಲಿಂದನೂ."

ಕುಮಾರಸ್ವಾಮಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹತ್ತೊಂಬತ್ತು ವರ್ಷ ಆತಲ್ಲೋ. ಒಂದ್ಸಲ ಹೇಳಬಾರ್ದಾಗಿತ್ತೇನು?"

"ಹೇಳಿದ್ರ ಇಟ್ಕೋತಿದ್ರೇನ್ರಿ?"

ಅವರು ಇನ್ನೂ ಎಷ್ಟು ಪಿನ್ನು ಹೊರಗಿವೆ ಎಂದು ಕೇಳಿದರು. ಗಿರಿಯಪ್ಪ ಜೇಬಿನಿಂದ ಪಟ್ಟಿ ತೆಗೆದು ಕೊಟ್ಟ. ಎಂಟು ಹೆಸರಿನ ಮೇಲೆ ಗೆರೆ ಎಳೆದಿತ್ತು, ನಾಲ್ಕು ಹಾಗೇ ಇದ್ದವು. ಶಶಿಕುಮಾರ ಆ ಪಟ್ಟಿಯನ್ನು ನೋಡಿದ, ಗಿರಿಯಪ್ಪನನ್ನು ನೋಡಿದ. ಫ್ರೀ ಸರ್ವೀಸ್ ಎಂದು ಮೆಲ್ಲಗೆ ಅಂದುಕೊಂಡು ಮೊಬೈಲ್ ತೆಗೆದು ಅಲ್ಲೇ ನಿಂತು ಫೋನು ಮಾಡಲು ಶುರು ಮಾಡಿದ. ಯಂತ್ರ ನಿಲ್ಲಿಸಿ, ಪಿನ್ನು ತೆಗೆಯಿರಿ, ಅದು ತಪ್ಪು ಪಿನ್ನು. ಮೂರು ಊರಿಗೆ ಮೂರು ಫೋನು. ಒಬ್ಬೊಬ್ಬರ ಜೊತೆ ಒಂದು ನಿಮಿಷವೂ ಆಗಲಿಲ್ಲ. ಮಧ್ಯಾಹ್ನ ನಾಲ್ಕರೊಳಗೆ ಮೂರೂ ಕಡೆಯಿಂದ ಪಿನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಬಂದವು.

ಸ್ಟೋರಿನ ಕೀಲಿಗೊಂಚಲನ್ನು ಗಿರಿಯಪ್ಪ ಭಾಗ್ಯಶ್ರೀಗೆ ಕೊಟ್ಟ. ಅದರಲ್ಲಿ ಯಾವ ಕೀಲಿ ಯಾವುದಕ್ಕೆ ಎಂದು ಒಂದೊಂದಾಗಿ ಹೇಳಿದ. ಅವನು ಗೇಟಿನ ಕಡೆ ನಡೆಯುವಾಗ ಲೇತುಗಳ ಪಕ್ಕದಿಂದಲೇ ಹೋಗಬೇಕಿತ್ತು. ಮುಜಮ್ಮಿಲ ತಲೆ ಎತ್ತಲಿಲ್ಲ. ಅವನ ಯಂತ್ರ ನಿಂತಿತ್ತು, ಆದರೂ ಕೈ ಹಿಡಿಕೆಯ ಮೇಲೆಯೇ ಇತ್ತು.

ಇನ್ನೂರು ಪಿನ್ನುಗಳಲ್ಲಿ ನೂರಾ ತೊಂಬತ್ತೊಂಬತ್ತು ಶಾಪಿಗೆ ವಾಪಸು ಬಂದವು. ಒಂದು ಪೊಲೀಸರ ಹತ್ತಿರ ಉಳಿಯಿತು. ಹೋದದ್ದು ಡ್ರಮ್ಮು ಒಂದು, ಅದರ ಹಲ್ಲು ಹನ್ನೊಂದು, ಗಿರಿಯಪ್ಪನ ಕೆಲಸ, ಮತ್ತು ಯಂಕವ್ವನ ಬಲಗೈ, ಮೊಣಕೈಯಿಂದ ಕೆಳಗೆ.